ಮರ ಹತ್ತುವ ಕಳ್ಳಿಗೆ ಮರುಭೂಮಿಯ ನಿಯಮ ಬೇಡ

ಮಾನ್ಯ ಸಂಪಾದಕರೇ,

ಕಳ್ಳಿಗಿಡಕ್ಕೆ ಮರಳು ಹಾಕಿ, ಬಿಸಿಲಿಗೆ ಇಡಿ, ತಿಂಗಳಿಗೊಮ್ಮೆ ನೀರು ಕೊಡಿ ಎಂಬ ಸಲಹೆ ತೋಟಗಾರಿಕೆ ಪುಟಗಳಲ್ಲಿ ಮತ್ತೆ ಮತ್ತೆ ಅಚ್ಚಾಗುತ್ತಿರುತ್ತದೆ. ಗುಂಡುಕಳ್ಳಿ, ಕಂಬಗಳ್ಳಿಗಳ ಮಟ್ಟಿಗೆ ಈ ಮಾತು ಹೆಚ್ಚುಕಡಿಮೆ ಸರಿ. ಆದರೆ ರಾತ್ರಿ ಅರಳುವ, ಮರ ಹತ್ತುವ ಸೆಲೆನಿಸೀರಿಯಸ್ ಗ್ರ್ಯಾಂಡಿಫ್ಲೋರಸ್‌ಗೂ ಓದುಗರು ಇದನ್ನೇ ಅನುಸರಿಸಿ, ಆರೇಳು ವರ್ಷವಾದರೂ ಒಂದು ಮೊಗ್ಗು ಕಾಣದೆ ಗಿಡವನ್ನು ಕಿತ್ತೆಸೆಯುತ್ತಾರೆ. ಈ ಬಳ್ಳಿಗೆ ಬೇಕಾದ ಆರೈಕೆಯೇ ಬೇರೆ. ಅದನ್ನು ವಿವರವಾಗಿ ತಿಳಿಸಲು ಈ ಪತ್ರ.

ಇದರ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳ ಕಾಡು. ಅಲ್ಲಿ ಅದು ಮರದ ತೊಗಟೆ, ಬಂಡೆಯ ಸಂದುಗಳಿಗೆ ಬೇರು ಕಚ್ಚಿಕೊಂಡು ಹತ್ತು ಮೀಟರಿನವರೆಗೂ ಹಬ್ಬುತ್ತದೆ. ಬೇರಿಗೆ ಸಿಗುವುದು ಕೊಳೆತ ಎಲೆ, ತೊಗಟೆಯ ಪುಡಿ, ಪಾಚಿ. ಮಳೆ ಬಂದಾಗ ಚೆನ್ನಾಗಿ ನೆನೆದು, ಒಂದೆರಡು ದಿನದಲ್ಲಿ ಗಾಳಿಯಾಡಿ ಒಣಗುವ ಜಾಗ ಅದು. ತಲೆಯ ಮೇಲೆ ಎಲೆಗಳ ಮರೆಯಿಂದ ಸೋಸಿ ಬರುವ ಬೆಳಕು. ಕುಂಡದಲ್ಲಿ ನಾವು ಒದಗಿಸಬೇಕಾದದ್ದೂ ಇದನ್ನೇ.

ಮೊದಲು, ಕೈಯಲ್ಲಿರುವುದು ಅದೇ ಗಿಡವೇ ಎಂದು ಖಚಿತಪಡಿಸಿಕೊಳ್ಳಬೇಕು. ರಾತ್ರಿ ಅರಳುವ ಕಳ್ಳಿಗಳನ್ನೆಲ್ಲ ಒಂದೇ ಹೆಸರಿನಲ್ಲಿ ಮಾರುವುದುಂಟು. ಬ್ರಹ್ಮಕಮಲವೆಂದು ಬೆಳೆಸುವ ಎಪಿಫಿಲಮ್ ಆಕ್ಸಿಪೆಟಲಮ್‌ನ ಕಾಂಡ ಎಲೆಯಂತೆ ಚಪ್ಪಟೆ, ಮುಳ್ಳಿಲ್ಲ. ಡ್ರ್ಯಾಗನ್ ಹಣ್ಣಿನ ಬಳ್ಳಿಗೆ ದಪ್ಪನೆಯ ಮೂರು ಏಣುಗಳು, ಅಂದರೆ ಕಾಂಡದುದ್ದಕ್ಕೂ ಎದ್ದುನಿಂತ ಅಂಚುಗಳು. ಅದರ ಹೂವಿನ ನಳಿಕೆಯ ಮೇಲೆ ಹಸಿರು ಹೊರಪೊರೆಗಳಿರುತ್ತವೆಯೇ ಹೊರತು ರೋಮವಿರುವುದಿಲ್ಲ. ಗ್ರ್ಯಾಂಡಿಫ್ಲೋರಸ್ ಕಾಂಡ ಬೆರಳುಗಾತ್ರ, ಒಂದರಿಂದ ಎರಡೂವರೆ ಸೆಂ.ಮೀ. ಅದರುದ್ದಕ್ಕೂ ಸಾಮಾನ್ಯವಾಗಿ 5ರಿಂದ 8 ತಗ್ಗು ಏಣುಗಳು, ಏಣಿನ ಮೇಲೆ ಸೂಜಿಯಂಥ ಸಣ್ಣ ಮುಳ್ಳುಗಳ ಗೊಂಚಲು, ಜೊತೆಗೆ ಮಾಸಲು ಬಿಳಿ ರೋಮ. ಹೂವಿನ ನಳಿಕೆಯೂ ರೋಮ, ಮುಳ್ಳುಗಳಿಂದ ತುಂಬಿರುತ್ತದೆ. ಇದರ ಹತ್ತಿರದ ಬಂಧು ಸೆಲೆನಿಸೀರಿಯಸ್ ಟೆರಾಂಥಸ್‌ನಲ್ಲಿ ಮುಳ್ಳು ಮೊಂಡಾಗಿ ಕೆಲವೇ ಮಿ.ಮೀ. ಇರುತ್ತದೆ. ಆರೈಕೆ ಎರಡಕ್ಕೂ ಒಂದೇ.

ಹೆಸರುಚೀಟಿಯ ಬಗ್ಗೆಯೂ ಒಂದು ಮಾತು. ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಈ ಗಿಡವನ್ನು ಕ್ಯಾಕ್ಟಸ್ ಗ್ರ್ಯಾಂಡಿಫ್ಲೋರಸ್ ಎಂದು ದಾಖಲಿಸಿದ. 1909ರಲ್ಲಿ ಅಮೆರಿಕದ ಸಸ್ಯವಿಜ್ಞಾನಿಗಳಾದ ಬ್ರಿಟನ್ ಮತ್ತು ರೋಸ್ ಇದನ್ನು ಸೆಲೆನಿಸೀರಿಯಸ್ ಕುಲಕ್ಕೆ ತಂದರು. 2017ರಲ್ಲಿ ಡ್ರ್ಯಾಗನ್ ಹಣ್ಣಿನ ಹೈಲೊಸೀರಿಯಸ್ ಕುಲವನ್ನೂ ಸಸ್ಯವಿಜ್ಞಾನಿಗಳು ಇದರೊಳಗೇ ಸೇರಿಸಿದರು. ಹೀಗಾಗಿ ಈಗ ಬರಿ ಸೆಲೆನಿಸೀರಿಯಸ್ ಎಂದಷ್ಟೇ ಬರೆದ ಚೀಟಿ ನೋಡಿ ಗಿಡ ಕೊಂಡರೆ ಡ್ರ್ಯಾಗನ್ ಹಣ್ಣಿನ ಬಳ್ಳಿಯೂ ಮನೆಗೆ ಬರಬಹುದು. ಕಾಂಡ ನೋಡಿಯೇ ಕೊಳ್ಳುವುದು ಒಳ್ಳೆಯದು.

ಗಿಡ ಮಾಡಲು ಸುಲಭದ ದಾರಿ ಕಾಂಡದ ತುಂಡು. ಬೀಜದಿಂದ ಬೆಳೆಸಿದರೆ ಹೂವಿಗೆ ಐದು ವರ್ಷಕ್ಕೂ ಹೆಚ್ಚು ಕಾಯಬೇಕಾಗುತ್ತದೆ. ಬಲಿತ ಕಾಂಡದ ತುಂಡಾದರೆ ಎರಡರಿಂದ ನಾಲ್ಕು ವರ್ಷ ಸಾಕು. ಕಳೆದ ವರ್ಷ ಬೆಳೆದು ಗಟ್ಟಿಯಾದ ಕಾಂಡವನ್ನೇ ಆರಿಸಿ, 15ರಿಂದ 25 ಸೆಂ.ಮೀ. ಉದ್ದಕ್ಕೆ ಕತ್ತರಿಸಿ. ಈ ವರ್ಷದ ಎಳೆ ತುದಿ ಬೇಡ, ಅದು ಬೇರು ಬಿಡುವ ಮೊದಲೇ ಕೊಳೆಯುತ್ತದೆ. ಗಾಳಿಬೇರು ಮೂಡಿರುವ ತುಂಡು ಸಿಕ್ಕರೆ ಬೇಗ ಹಿಡಿಯುತ್ತದೆ. ಕತ್ತರಿಸಿದ ಕೂಡಲೇ ತುಂಡಿನ ಬುಡ ಯಾವುದು, ತುದಿ ಯಾವುದು ಎಂದು ಗುರುತು ಹಾಕಿಡಬೇಕು. ಏಣು ನೋಡಿ ಆಮೇಲೆ ಹೇಳಲಾಗುವುದಿಲ್ಲ, ತಲೆಕೆಳಗಾಗಿ ನೆಟ್ಟರೆ ಬೇರು ಬರುವುದು ತಡವಾಗುತ್ತದೆ ಅಥವಾ ಬರುವುದೇ ಇಲ್ಲ. ಬುಡವನ್ನು ಓರೆಯಾಗಿ, ತುದಿಯನ್ನು ನೇರವಾಗಿ ಕತ್ತರಿಸುವುದು ಗುರುತಿಗೆ ಸುಲಭ ಉಪಾಯ.

ತುಂಡುಗಳನ್ನು ನೆರಳಿನಲ್ಲಿ, ಗಾಳಿಯಾಡುವಲ್ಲಿ 7ರಿಂದ 10 ದಿನ ಒಣಗಲು ಬಿಡಿ. ಗಾಯದ ಮೇಲೆ ಗಟ್ಟಿ ಸಿಪ್ಪೆ ಕಟ್ಟಬೇಕು. ಉಗುರಿನಿಂದ ಒತ್ತಿದರೆ ತೇವ ತಾಗಬಾರದು. ಬಳಿಕ 3ರಿಂದ 5 ಸೆಂ.ಮೀ. ಆಳಕ್ಕೆ ನೆಟ್ಟು, ಅಲುಗದಂತೆ ಕಡ್ಡಿಗೆ ಕಟ್ಟಿ. ತುಂಡು ಅಲುಗಿದರೆ ಹೊಸ ಬೇರಿನ ತುದಿ ಮುರಿಯುತ್ತದೆ. ಇನ್ನೂ ಆಳಕ್ಕೆ ನೆಟ್ಟರೆ ಗಟ್ಟಿಯಾಗಿ ನಿಲ್ಲುವುದೇನೋ ನಿಜ, ಆದರೆ ಹೂತ ಭಾಗ ಕೊಳೆಯುವ ಅಪಾಯ ಹೆಚ್ಚು. ಮೊದಲ ನಾಲ್ಕೈದು ದಿನ ನೀರೇ ಬೇಡ. ಆಮೇಲೆ ಮಿಶ್ರಣ ತುಸು ತೇವವಾಗಿದ್ದರೆ ಸಾಕು. 20ರಿಂದ 30 ಡಿಗ್ರಿ ಸೆಲ್ಸಿಯಸ್ ಉಷ್ಣಾಂಶವಿದ್ದರೆ ಮೂರರಿಂದ ಆರು ವಾರಗಳಲ್ಲಿ ಬೇರು ಬರುತ್ತದೆ. ಹೊಸ ಚಿಗುರು ಕಂಡಿತೆಂದು ಬೇರು ಬಂದಿದೆ ಎಂದುಕೊಳ್ಳಬೇಡಿ, ಕಾಂಡದಲ್ಲಿರುವ ಸಂಗ್ರಹದಿಂದಲೇ ಅದು ಚಿಗುರಬಲ್ಲದು. ಮೆಲ್ಲಗೆ ಎಳೆದಾಗ ಹಿಡಿತ ಸಿಕ್ಕರೆ ಬೇರು ಬಂದಿದೆ ಎಂದು ಅರ್ಥ.

ಈ ಗಿಡದ ಆರೈಕೆಯಲ್ಲಿ ಹೆಚ್ಚಿನ ತೊಂದರೆಗಳು ಹುಟ್ಟುವುದು ಕುಂಡದ ಮಿಶ್ರಣದಿಂದ. ಮರಳು ಬೆರೆಸಿದರೆ ನೀರು ಇಳಿಯುತ್ತದೆ ಎಂಬ ನಂಬಿಕೆ ಎಲ್ಲೆಡೆ ಇದೆ. ಸಣ್ಣ ಮರಳು ಮಣ್ಣಿನ ಕಣಗಳ ನಡುವಿನ ಸಂದಿಯಲ್ಲಿ ಕೂತು ಗಾಳಿಯನ್ನು ಹೊರದಬ್ಬುತ್ತದೆ. ಆರು ತಿಂಗಳಲ್ಲಿ ಕುಂಡದೊಳಗೆ ಗಾರೆ ಹಾಕಿದಂತಾಗುತ್ತದೆ. ಬೇಕಾದದ್ದು ದಪ್ಪ ತುಣುಕುಗಳು. ಒಂದರಿಂದ ಎರಡು ಸೆಂ.ಮೀ. ಗಾತ್ರದ ತೆಂಗಿನ ಸಿಪ್ಪೆಯ ತುಂಡು ಅಥವಾ ಮರದ ತೊಗಟೆ ಎರಡು ಪಾಲು, ಚೆನ್ನಾಗಿ ಕಳಿತ ಎಲೆಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ಪರ್ಲೈಟ್ (ಕಾಯಿಸಿ ಉಬ್ಬಿಸಿದ ಹಗುರವಾದ ಬಿಳಿ ಖನಿಜದ ಹರಳು) ಅಥವಾ ಪುಡಿ ಜರಡಿ ಹಿಡಿದು ತೆಗೆದ ಇಟ್ಟಿಗೆ ಚೂರು ಒಂದು ಪಾಲು. ಇದಕ್ಕೆ ಒಂದು ಹಿಡಿ ಇದ್ದಿಲು. ತೆಂಗಿನ ಸಿಪ್ಪೆಯಲ್ಲಿ ಉಪ್ಪಿನಂಶ ಇರುವುದರಿಂದ ಒಂದು ರಾತ್ರಿ ನೆನೆಸಿ ನೀರು ಚೆಲ್ಲಿ, ಹೀಗೆ ಎರಡು ಮೂರು ಸಲ ಮಾಡಿದ ಮೇಲೆಯೇ ಬಳಸಬೇಕು. ಈ ಕೆಲಸ ತಪ್ಪಿಸಿದರೆ ಎಳೆ ಬೇರಿನ ತುದಿ ಕಂದಿ ಹೋಗುತ್ತದೆ. ಮಿಶ್ರಣ ಸ್ವಲ್ಪ ಹುಳಿ ಗುಣದ್ದಿರಲಿ, ಪಿಎಚ್ 5.5ರಿಂದ 6.5ರ ಆಸುಪಾಸು. ಸುಣ್ಣದ ಗಾರೆ ಅಂಟಿದ ಹಳೆಯ ಇಟ್ಟಿಗೆ ಚೂರು ಹಾಕಬಾರದು. ತುಂಬಿದ ಕುಂಡಕ್ಕೆ ನೀರು ಸುರಿದಾಗ ಮೇಲೆ ನಿಲ್ಲದೆ ಅರ್ಧ ನಿಮಿಷದೊಳಗೆ ಇಳಿದುಹೋಗಬೇಕು. ನಿಂತರೆ ಪುಡಿ ಹೆಚ್ಚಾಗಿದೆ ಎಂದರ್ಥ, ಇನ್ನಷ್ಟು ತುಂಡು ಬೆರೆಸಬೇಕು.

ಕುಂಡ ದೊಡ್ಡದಾದಷ್ಟೂ ಒಳ್ಳೆಯದೆಂಬುದು ಇಲ್ಲಿ ನಡೆಯುವುದಿಲ್ಲ. ಬಳ್ಳಿ ಎಷ್ಟೇ ಉದ್ದವಿದ್ದರೂ ಬೇರಿನ ಗಂಟು ಚಿಕ್ಕದು. ಮೊದಲಿಗೆ 15ರಿಂದ 20 ಸೆಂ.ಮೀ. ಬಾಯಿಯ ಕುಂಡ, ಮೂರನೆಯ ವರ್ಷಕ್ಕೆ 25ರಿಂದ 30 ಸೆಂ.ಮೀ. ಸಾಕು. ಬೇರು ತಲುಪದ ಕಡೆ ಮಿಶ್ರಣ ಒಣಗದೆ ಹುಳಿಯುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ, ಹೂ ಮುಗಿದ ಮೇಲೆ ಮಿಶ್ರಣ ಬದಲಿಸಿ. ಅಷ್ಟರೊಳಗೆ ಸಿಪ್ಪೆ ಕರಗಿ ಪುಡಿಯಾಗಿರುತ್ತದೆ. ಬಳ್ಳಿಯ ತಲೆಭಾರಕ್ಕೆ ಹಗುರ ಪ್ಲಾಸ್ಟಿಕ್ ಕುಂಡ ಮಗುಚುವುದರಿಂದ ಮಣ್ಣಿನ ಕುಂಡ ಮೇಲು.

ಇನ್ನು ನೀರು. ಬೆಳೆಯುವ ಕಾಲದಲ್ಲಿ ಮೇಲಿನ ಎರಡು ಮೂರು ಸೆಂ.ಮೀ. ಒಣಗಿದ ಕೂಡಲೇ, ಅಡಿಯ ತೂತಿನಿಂದ ಹರಿದುಹೋಗುವಷ್ಟು ಕೊಡಿ. ಬಿಸಿ ವಾತಾವರಣದಲ್ಲಿ ಅದು ವಾರಕ್ಕೆ ಎರಡು ಸಲವೂ ಆಗಬಹುದು. ಗಾಳಿಬೇರುಗಳ ಮೇಲೂ ನೀರು ಚಿಮುಕಿಸಿದರೆ ಅವು ಹಸಿರು ತುದಿ ಬಿಟ್ಟು ಆಸರೆಗೆ ಅಂಟಿಕೊಳ್ಳುತ್ತವೆ. ಸಾಧ್ಯವಿದ್ದರೆ ಮಳೆನೀರು ಕೊಡಿ. ಗಡಸು ನೀರನ್ನೇ ಹಾಕುತ್ತಿದ್ದರೆ ಎಳೆ ಚಿಗುರು ಹಳದಿಯಾಗಿ, ಕುಂಡದ ಅಂಚಿನಲ್ಲಿ ಬಿಳಿ ಉಪ್ಪು ಕಟ್ಟುತ್ತದೆ.

ಕಾಂಡ ಸುಕ್ಕುಗಟ್ಟಿದಾಗ ಏನು ಮಾಡಬೇಕು ಎಂಬಲ್ಲಿಯೇ ಗಿಡಗಳು ಹೆಚ್ಚು ಸಾಯುತ್ತವೆ. ಸುಕ್ಕು ಕಂಡ ಕೂಡಲೇ ನೀರು ಸುರಿಯುವುದು ಸಹಜ. ಆದರೆ ಮೊದಲು ಬೆರಳನ್ನು ಮಿಶ್ರಣದೊಳಗೆ ಎರಡು ಗೆಣ್ಣಿನಷ್ಟು ಇಳಿಸಿ ನೋಡಿ. ಒಣಗಿದ್ದರೆ ನೀರು ಕೊಡಿ, ಎರಡು ಮೂರು ದಿನದಲ್ಲಿ ಕಾಂಡ ತುಂಬಿಕೊಳ್ಳುತ್ತದೆ. ಹಸಿಯಾಗಿದ್ದರೂ ಕಾಂಡ ಸುಕ್ಕಾಗಿದ್ದರೆ ಬೇರು ಕೊಳೆತಿದೆ, ಇರುವ ನೀರನ್ನೇ ಹೀರಲಾಗದೆ ಗಿಡ ಒಣಗುತ್ತಿದೆ. ಆಗ ಮತ್ತೆ ನೀರು ಹಾಕಿದರೆ ಉಳಿದ ಬೇರೂ ಹೋಗುತ್ತದೆ. ಕುಂಡದಿಂದ ಗಿಡ ಬಿಡಿಸಿ ಒಂದು ಬೇರನ್ನು ಹೆಬ್ಬೆರಳು, ತೋರುಬೆರಳುಗಳ ನಡುವೆ ಹಿಡಿದೆಳೆಯಿರಿ. ಕಂದು ಸಿಪ್ಪೆ ಜಾರಿ ಕೈಗೆ ಬಂದು ನಡುವೆ ದಾರದಂಥ ಎಳೆ ಮಾತ್ರ ಉಳಿದರೆ ಆ ಬೇರು ಸತ್ತಿದೆ. ಗಟ್ಟಿಯಾಗಿ, ಬೆಳ್ಳಗೆ ಇರುವ ಬೇರುಗಳನ್ನಷ್ಟೇ ಉಳಿಸಿಕೊಂಡು, ಎರಡು ಮೂರು ದಿನ ನೆರಳಲ್ಲಿ ಒಣಗಿಸಿ, ಚಿಕ್ಕ ಕುಂಡದಲ್ಲಿ ಹೊಸ ಮಿಶ್ರಣಕ್ಕೆ ನೆಡಿ. ಒಂದೂ ಒಳ್ಳೆಯ ಬೇರು ಇಲ್ಲದಿದ್ದರೆ ಬುಡ ಕತ್ತರಿಸಿ ಇಡೀ ಬಳ್ಳಿಯನ್ನು ತುಂಡುಗಳಾಗಿ ನೆಡುವುದೇ ವಾಸಿ. ಕತ್ತರಿಸಿದ ಅಡ್ಡಭಾಗದಲ್ಲಿ ನಡುವಿನ ಉಂಗುರ ಕಂದು ಅಥವಾ ಕಿತ್ತಳೆ ಬಣ್ಣಕ್ಕೆ ತಿರುಗಿದ್ದರೆ ಕೊಳೆ ಇನ್ನೂ ಮೇಲಕ್ಕೆ ಹೋಗಿದೆ. ಪೂರ್ತಿ ತಿಳಿ ಹಸಿರು ಕಾಣುವವರೆಗೆ ಮೇಲಕ್ಕೆ ಕತ್ತರಿಸುತ್ತಾ ಹೋಗಬೇಕು, ಪ್ರತಿ ಸಲವೂ ಬ್ಲೇಡನ್ನು ಸ್ಪಿರಿಟ್‌ನಲ್ಲಿ ಒರೆಸಿಕೊಂಡು. ಹಳೆಯ ಬಳ್ಳಿಯ ಬುಡ ಬೂದುಬಣ್ಣಕ್ಕೆ ತಿರುಗಿ ತೊಗಟೆಯಂತೆ ಗಟ್ಟಿಯಾಗುವುದು ಮಾತ್ರ ರೋಗವಲ್ಲ, ವಯಸ್ಸಿನ ಗುರುತು. ಒತ್ತಿದರೆ ಮೆತ್ತಗಾಗಿದ್ದಾಗಷ್ಟೇ ಚಿಂತಿಸಬೇಕು.

ಬೆಳಿಗ್ಗೆಯ ಮೂರು ನಾಲ್ಕು ಗಂಟೆ ಬಿಸಿಲು, ಉಳಿದ ಹೊತ್ತು ಪ್ರಕಾಶಮಾನವಾದ ನೆರಳು ಇದಕ್ಕೆ ಹಿತ. ನಡುಹಗಲಿನ ಬಿಸಿಲಿಗೆ ಕಾಂಡ ಹಳದಿಯಾಗುತ್ತದೆ. ನೆರಳಿನಿಂದ ಒಮ್ಮೆಲೇ ಬಿಸಿಲಿಗೆ ತಂದರೆ ಒಂದು ಮಗ್ಗುಲಲ್ಲಿ ಬಿಳಿಚಿದ ಮಚ್ಚೆ ಬಿದ್ದು ಅದು ಮತ್ತೆ ಹಸಿರಾಗುವುದಿಲ್ಲ. ಜಾಗ ಬದಲಿಸುವುದಿದ್ದರೆ ಎರಡು ವಾರಗಳಲ್ಲಿ ಹಂತಹಂತವಾಗಿ ಮಾಡಿ. ಬೆಳಕು ಕಡಿಮೆಯಾದಾಗ ಏಣೇ ಇಲ್ಲದ, ಪೆನ್ಸಿಲಿಗಿಂತ ಸಪೂರವಾದ ತಿಳಿ ಚಿಗುರು ಬರುತ್ತದೆ. ಆದರೆ ಉದ್ದಕ್ಕೆ ಸಪೂರವಾಗಿ ಓಡುವ ಚಿಗುರೆಲ್ಲ ಬೆಳಕಿನ ಕೊರತೆಯದ್ದೇ ಎಂದು ತಿಳಿದು ಕತ್ತರಿಸಬಾರದು. ಆಸರೆ ಹುಡುಕಿಕೊಂಡು ಹೋಗುವ ಕೊಂಬೆ ಈ ಬಳ್ಳಿಯ ಸಹಜ ಗುಣ. ಅದಕ್ಕೆ ಹಿಡಿದುಕೊಳ್ಳಲು ಏನಾದರೂ ಸಿಕ್ಕಿ ಬೆಳಕು ಬಿದ್ದರೆ ಮುಂದಿನ ತಿಂಗಳುಗಳಲ್ಲಿ ದಪ್ಪವಾಗುತ್ತದೆ.

ಆಸರೆಗೆ ಒರಟು ಮೈಯ ಮರದ ಹಲಗೆ, ತೆಂಗಿನ ನಾರು ಸುತ್ತಿದ ಕಂಬ, ಅಥವಾ ಜಾಲರಿ ಒದಗಿಸಿ. ನಯವಾದ ಪೈಪಿಗೆ ಗಾಳಿಬೇರು ಅಂಟುವುದಿಲ್ಲ. ಕಟ್ಟಲು ಬಟ್ಟೆಯ ಪಟ್ಟಿ ಬಳಸಿ, ತಂತಿ ಬೇಡ. ಕಾಂಡ ದಪ್ಪವಾದಾಗ ತಂತಿ ಒಳಗೆ ಕೊರೆಯುತ್ತದೆ. ಜಾಗ ಕಡಿಮೆಯಿದ್ದರೆ 40ರಿಂದ 60 ಸೆಂ.ಮೀ. ವ್ಯಾಸದ ಬಳೆಯನ್ನು ಕುಂಡದ ಮೇಲೆ ನಿಲ್ಲಿಸಿ ಬಳ್ಳಿಯನ್ನು ಅದರ ಸುತ್ತ ಬಳಸಿ ಕಟ್ಟಬಹುದು. ನೆಟ್ಟಗೆ ಮೇಲಕ್ಕೇರುತ್ತಲೇ ಇರುವ ಕಾಂಡಕ್ಕಿಂತ, ಅಡ್ಡಲಾಗಿ ಬಾಗಿದ ಅಥವಾ ತುದಿ ತಲುಪಿ ಕೆಳಗೆ ಇಳಿಬಿದ್ದ ಕಾಂಡದಲ್ಲಿ ಹೂ ಹೆಚ್ಚು. ಬಾಗಿಸುವ ಮೊದಲು ನಾಲ್ಕೈದು ದಿನ ನೀರು ನಿಲ್ಲಿಸಿದರೆ ಕಾಂಡ ಸಡಿಲವಾಗಿ ಮುರಿಯದೆ ಬಾಗುತ್ತದೆ.

ಹೂ ಏಕೆ ಬಿಡುತ್ತಿಲ್ಲ ಎಂದು ಕೇಳುವವರ ಗಿಡಗಳಲ್ಲಿ ಸಾಮಾನ್ಯವಾಗಿ ಕಾಣುವ ಕಾರಣಗಳು ಕೆಲವೇ. ಕಾಡುಕಾಡಾಗಿದೆ ಎಂದು ವರ್ಷಕ್ಕೊಮ್ಮೆ ಸವರುವುದು ಅವುಗಳಲ್ಲಿ ಮೊದಲನೆಯದು. ಮೊಗ್ಗು ಬರುವುದು ಒಂದು ವರ್ಷ ಬಲಿತ ಕಾಂಡದಲ್ಲಿ, ಅದನ್ನೇ ಕತ್ತರಿಸಿದರೆ ಮತ್ತೆ ಲೆಕ್ಕ ಮೊದಲಿನಿಂದ. ತೀರಾ ಒಣಗಿದ, ರೋಗ ತಗುಲಿದ ಕಾಂಡ ಮಾತ್ರ, ಅದೂ ಹೂ ಮುಗಿದ ಮೇಲೆ ಬುಡದಿಂದ ತೆಗೆಯಿರಿ. ಇನ್ನೊಂದು ಕಾರಣ ವಿಶ್ರಾಂತಿ ಸಿಗದಿರುವುದು. ಚಳಿಗಾಲದಲ್ಲಿ ಆರರಿಂದ ಎಂಟು ವಾರ ಗೊಬ್ಬರ ನಿಲ್ಲಿಸಿ, ಎರಡು ಮೂರು ವಾರಕ್ಕೊಮ್ಮೆ ಕಾಂಡ ಸುಕ್ಕಾಗದಷ್ಟು ಮಾತ್ರ ನೀರು ಕೊಟ್ಟು, ರಾತ್ರಿ 10ರಿಂದ 15 ಡಿಗ್ರಿಯ ತಂಪಿನಲ್ಲಿಡಬೇಕು. 10ಕ್ಕಿಂತ ಕೆಳಗೆ ಹೋಗದಿರುವುದು ಕ್ಷೇಮ, 5ಕ್ಕಿಂತ ಇಳಿದರೆ ಕಾಂಡಕ್ಕೆ ಪೆಟ್ಟು. ವರ್ಷವಿಡೀ ಒಂದೇ ಸಮನೆ ನೀರು, ಗೊಬ್ಬರ ಉಂಡ ಗಿಡ ಬರಿಯ ಕಾಂಡ ಬೆಳೆಸುತ್ತದೆ. ಸಾರಜನಕ ಹೆಚ್ಚಾದರೂ ಇದೇ ಕಥೆ. ಬೆಳೆಯುವ ಕಾಲದಲ್ಲಿ ಸಾರಜನಕ, ರಂಜಕ, ಪೊಟ್ಯಾಷ್ ಸಮನಾಗಿರುವ 19:19:19 ಗೊಬ್ಬರವನ್ನು ಲೀಟರ್ ನೀರಿಗೆ 1 ಗ್ರಾಂನಂತೆ ಎರಡು ಮೂರು ವಾರಕ್ಕೊಮ್ಮೆ ಕೊಟ್ಟರೆ ಸಾಕು. ವಿಶ್ರಾಂತಿ ಮುಗಿಯುತ್ತಲೇ ಒಂದೆರಡು ಸಲ ಸಾರಜನಕವಿಲ್ಲದ 0:52:34 ಅಷ್ಟೇ ಪ್ರಮಾಣದಲ್ಲಿ ಕೊಡಿ. ಒಣ ಮಿಶ್ರಣಕ್ಕೆ ಗೊಬ್ಬರದ ನೀರು ಹಾಕಬೇಡಿ, ಹಿಂದಿನ ದಿನ ಬರಿ ನೀರು ಕೊಟ್ಟಿರಬೇಕು.

ಉತ್ತರ ಗೋಳಾರ್ಧದಲ್ಲಿ ಹೂವಿನ ಕಾಲ ಹೆಚ್ಚಾಗಿ ಮೇನಿಂದ ಜುಲೈವರೆಗೆ. ಏಣಿನ ಮೇಲೆ ಮುಳ್ಳು ಹುಟ್ಟುವ ಚುಕ್ಕೆಯಲ್ಲಿ ಹತ್ತಿಯಂತೆ ಬಿಳಿ ರೋಮದ ದುಂಡು ಉಬ್ಬು ಕಂಡರೆ ಅದು ಮೊಗ್ಗು. ಚೂಪಾಗಿ, ಹಸಿರು ಅಥವಾ ಕೆಂಪು ಛಾಯೆಯಲ್ಲಿದ್ದರೆ ಚಿಗುರು. ಮೊಗ್ಗು ಕಂಡ ಮೇಲೆ ಕುಂಡವನ್ನು ಕದಲಿಸಬೇಡಿ, ತಿರುಗಿಸಲೂ ಬೇಡಿ. ಒಮ್ಮೆ ಪೂರ್ತಿ ಒಣಗಲು ಬಿಟ್ಟರೂ ಮೊಗ್ಗು ಹಳದಿಯಾಗಿ ಕಳಚುತ್ತದೆ. ಬಸವನಹುಳುಗಳಿಗೆ ಎಳೆ ಮೊಗ್ಗು ಬಲು ಇಷ್ಟ, ಕತ್ತಲಾದ ಮೇಲೆ ಟಾರ್ಚ್ ಹಿಡಿದು ಕೈಯಲ್ಲೇ ಹೆಕ್ಕುವುದು ಉತ್ತಮ.

ಅರಳುವ ದಿನ ಮಧ್ಯಾಹ್ನಕ್ಕೇ ಗೊತ್ತಾಗುತ್ತದೆ. ಮೊಗ್ಗಿನ ತುದಿ ಉಬ್ಬಿ, ಹೊರಗಿನ ಕಿರಿದಾದ ಹಳದಿಗಂದು ಎಸಳುಗಳು ಸಡಿಲವಾಗಿ ಸಂದಿನಲ್ಲಿ ಒಳಗಿನ ಬಿಳುಪು ಇಣುಕುತ್ತದೆ. ಕತ್ತಲಾಗುತ್ತಿದ್ದಂತೆ ಬಿರಿಯಲು ತೊಡಗಿ ಒಂದೆರಡು ಗಂಟೆಯಲ್ಲಿ ಸುಮಾರು 20 ಸೆಂ.ಮೀ. ಅಗಲಕ್ಕೆ ತೆರೆದುಕೊಳ್ಳುತ್ತದೆ. ಹೊರಗೆ ಕಿರಣದಂತೆ ಚಾಚಿದ ಹಳದಿ ಎಸಳು, ಒಳಗೆ ಅಗಲವಾದ ಬಿಳಿ ಎಸಳು, ನಡುವೆ ನೂರಾರು ಕೇಸರ, ಅವುಗಳ ಮಧ್ಯದಿಂದ ಹೊರಚಾಚಿದ ದಪ್ಪ ಶಲಾಕೆಯ (ಹೂವಿನ ಹೆಣ್ಣು ಭಾಗದ ಕಡ್ಡಿ) ತುದಿಯಲ್ಲಿ ನಕ್ಷತ್ರದಂತೆ ಸೀಳಿದ, ಪರಾಗ ಹಿಡಿಯುವ ಶಲಾಕಾಗ್ರ. ವೆನಿಲ್ಲಾ ಹೋಲುವ ಪರಿಮಳ ಕೋಣೆ ತುಂಬುತ್ತದೆ. ಬೆಳಗಾಗುವಷ್ಟರಲ್ಲಿ ಹೂ ಜೋಲುತ್ತದೆ. ತಂಪಾದ, ಮೋಡ ಮುಚ್ಚಿದ ಬೆಳಗಿನಲ್ಲಿ ಸ್ವಲ್ಪ ಹೊತ್ತು ಹೆಚ್ಚು ನಿಲ್ಲುವುದುಂಟು.

ತವರಿನಲ್ಲಿ ಉದ್ದ ಸೊಂಡಿಲಿನ ನಿಶಾಚರ ಪತಂಗಗಳು ಪರಾಗ ಒಯ್ಯುತ್ತವೆ. ಕುಂಡದ ಗಿಡದಲ್ಲಿ ಹೂ ಬಿಟ್ಟೂ ಕಾಯಿ ಕಚ್ಚದಿರಲು ಪತಂಗ ಇಲ್ಲದಿರುವುದೊಂದೇ ಕಾರಣವಲ್ಲ. ಸಾಮಾನ್ಯವಾಗಿ ಈ ಗಿಡ ತನ್ನ ಪರಾಗವನ್ನು ತಾನೇ ಒಪ್ಪುವುದಿಲ್ಲ. ಒಂದೇ ತಾಯಿಯ ತುಂಡುಗಳಿಂದ ಬೆಳೆದ ಹತ್ತು ಗಿಡಗಳಿದ್ದರೂ ಅವೆಲ್ಲ ವಂಶದಲ್ಲಿ ಒಂದೇ. ಬೇರೆ ಮೂಲದ ಗಿಡದಿಂದ ಪರಾಗ ತಂದು, ಹೂ ಪೂರ್ತಿ ತೆರೆದ ಮೇಲೆ ಮೃದುವಾದ ಕುಂಚದಿಂದ ಶಲಾಕಾಗ್ರದ ಎಲ್ಲ ಸೀಳುಗಳಿಗೂ ಸವರಬೇಕು. ಎರಡು ಗಿಡ ಒಂದೇ ರಾತ್ರಿ ಅರಳದಿದ್ದರೆ ಪರಾಗವನ್ನು ಕಾಗದದ ಪೊಟ್ಟಣದಲ್ಲಿ ಒಣಗಿಸಿ ಫ್ರಿಜ್‌ನಲ್ಲಿ ಕೆಲವು ದಿನ ಇಡಬಹುದು. ಪ್ಲಾಸ್ಟಿಕ್ ಚೀಲದಲ್ಲಿಟ್ಟರೆ ತೇವಕ್ಕೆ ಬೂಷ್ಟು ಹಿಡಿಯುತ್ತದೆ.

ಕೀಟಗಳಲ್ಲಿ ಬಿಳಿ ಹಿಟ್ಟು ತಿಗಣೆಯದೇ ದೊಡ್ಡ ಕಾಟ. ಗಿಡದ ರೋಮದ ನಡುವೆ ಅದರ ಹಿಟ್ಟು ಕಣ್ಣಿಗೆ ಬೀಳುವುದಿಲ್ಲ. ಇರುವೆ ಸಾಲುಗಟ್ಟಿ ಓಡಾಡುತ್ತಿದ್ದರೆ ಹುಡುಕಿ ನೋಡಿ. ಹತ್ತಿಯನ್ನು ಶೇ 70ರ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿ ಒರೆಸಿ. ಮೊಟ್ಟೆಗಳು ಉಳಿಯುವುದರಿಂದ 7ರಿಂದ 10 ದಿನದ ಅಂತರದಲ್ಲಿ ಮೂರು ಸಲ ಮಾಡಲೇಬೇಕು. ವ್ಯಾಪಕವಾಗಿದ್ದರೆ ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಅದು ಬೆರೆಯುವಷ್ಟು ಮೆದು ಸಾಬೂನಿನ ದ್ರಾವಣ ಸೇರಿಸಿ ಸಂಜೆ ಸಿಂಪಡಿಸಿ. ಬಿಸಿಲಲ್ಲಿ ಸಿಂಪಡಿಸಿದರೆ ಕಾಂಡ ಸುಡುತ್ತದೆ.

ಇದಕ್ಕಿಂತ ಗಂಭೀರವಾದದ್ದು, ಮತ್ತು ಪತ್ರಿಕೆಗಳಲ್ಲಿ ಅಪರೂಪವಾಗಿ ಪ್ರಸ್ತಾಪವಾಗುವುದು, ಕ್ಯಾಕ್ಟಸ್ ವೈರಸ್ ಎಕ್ಸ್. ಕಾಂಡದಲ್ಲಿ ತಿಳಿ ಹಸಿರು, ಹಳದಿ ಮಚ್ಚೆಗಳು ಹರಡಿಕೊಳ್ಳುತ್ತವೆ. ಕೆಲವು ಗಿಡಗಳಲ್ಲಿ ಲಕ್ಷಣವೇ ಕಾಣುವುದಿಲ್ಲ. ಔಷಧವಿಲ್ಲ. ರಸದ ಮೂಲಕ, ಅಂದರೆ ಒಂದೇ ಕತ್ತರಿಯಲ್ಲಿ ಹಲವು ಗಿಡ ಕತ್ತರಿಸುವುದರಿಂದ ಹರಡುತ್ತದೆ. ತುಂಡುಗಳನ್ನು ಹಂಚಿಕೊಳ್ಳುವ ಹವ್ಯಾಸಿಗಳು ಗಿಡದಿಂದ ಗಿಡಕ್ಕೆ ಹೋಗುವಾಗ ಬ್ಲೇಡನ್ನು ಬದಲಿಸಬೇಕು ಇಲ್ಲವೇ ಕೆಂಪಗೆ ಕಾಯಿಸಿಕೊಳ್ಳಬೇಕು. ಸ್ಪಿರಿಟ್‌ನಲ್ಲಿ ಒರೆಸಿದರೆ ಶಿಲೀಂಧ್ರ ಹೋಗುತ್ತದೆ, ವೈರಸ್ಸಿಗೆ ಅಷ್ಟನ್ನೇ ನಂಬುವಂತಿಲ್ಲ. ಮಚ್ಚೆಯುಳ್ಳ ಗಿಡದಿಂದ ತುಂಡು ಕೊಡಬೇಡಿ, ತೆಗೆದುಕೊಳ್ಳಲೂ ಬೇಡಿ.

ಕೊನೆಯದಾಗಿ ಪತ್ರಿಕೆಗೆ ಒಂದು ವಿನಂತಿ. ಈ ಗಿಡದ ಕಾಂಡ ಮತ್ತು ಹೂವನ್ನು ಹೃದಯದ ತೊಂದರೆಗೆ ಬಳಸುವ ಪದ್ಧತಿ ಹೋಮಿಯೋಪಥಿಯಲ್ಲಿ ಹತ್ತೊಂಬತ್ತನೆಯ ಶತಮಾನದಿಂದಲೂ ಇದೆ. ಅದನ್ನೇ ಹಿಡಿದು ಹೂವಿನ ಕಷಾಯ ಹೃದಯಕ್ಕೆ ಒಳ್ಳೆಯದು ಎಂಬಂಥ ಸಾಲುಗಳನ್ನು ತೋಟದ ಲೇಖನಗಳಲ್ಲಿ ಸೇರಿಸದಿರಿ. ಹೃದ್ರೋಗಕ್ಕೆ ಮಾತ್ರೆ ತೆಗೆದುಕೊಳ್ಳುತ್ತಿರುವವರು ಅದನ್ನು ಓದಿ ಮನೆಯಲ್ಲೇ ಪ್ರಯೋಗಕ್ಕಿಳಿದರೆ ಅಪಾಯ. ಅದರ ಬದಲು, ಮುಂದಿನ ಸಲ ಕಳ್ಳಿಗಿಡಗಳ ಬಗ್ಗೆ ಬರೆಸುವಾಗ ಮರುಭೂಮಿಯ ಕಳ್ಳಿ, ಕಾಡಿನ ಕಳ್ಳಿ ಎಂದು ಎರಡು ಭಾಗ ಮಾಡಿ, ನೀರು ಮತ್ತು ಮಿಶ್ರಣದ ಸಲಹೆಯನ್ನು ಬೇರೆ ಬೇರೆಯಾಗಿ ಕೊಡಿಸಬೇಕೆಂದು ಕೋರುತ್ತೇವೆ.

ಇಂತಿ,
ಬಳ್ಳಿಕಳ್ಳಿ ಬೆಳೆಸುವ ಕೆಲವು ಓದುಗರು